ಪಿಟೀಲುಗಾರ ಕಟ್ಟಿದ ಕುಚ್ಚು

ಮಗನ ಮದುವೆಗೆಂದು ಹೊಸ ದುಪ್ಪಟಿಗಳನ್ನು ತೆಗೆಯಲು ಮರಿಕ್ಕೂ ಮರದ ಪೆಟ್ಟಿಗೆಯೊಳಗೆ ಸೊಂಟದವರೆಗೆ ಇಳಿದುಬಿಟ್ಟಿದ್ದಳು. ಒಳಗಿನಿಂದ ಒಂದೊಂದೇ ಬಟ್ಟೆ ಹಾರಿ ಬಂದು ಗಂಡ ಲೊಯಿಜೊಸನ ತೋಳಿನ ಮೇಲೆ ಬೀಳುತ್ತಿತ್ತು. ಅವನು ಬಟ್ಟೆ ನೇತುಹಾಕುವ ಗೂಟದಂತೆ ಸುಮ್ಮನೆ ನಿಂತಿದ್ದ. ಕೊನೆಗೆ ಹಾರಿ ಬಂದದ್ದು ಬಟ್ಟೆಯಲ್ಲ. ಅದು ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ, ಅವನ ಕಾಲ್ಬೆರಳಿಗೆ ತಾಗಿ ನಿಂತಿತು.

ಗಡ್ಡಕ್ಕೆ ಸೋಪು ಹಚ್ಚುವ ಬ್ರಷ್ಷು. ಆಲಿವ್ ಮರದ ಹಿಡಿ, ಮಧ್ಯದಲ್ಲಿ ಸೊಂಟದ ಹಾಗೆ ಸಣ್ಣಗೆ ಕಡೆದದ್ದು. ಬುಡ ಕಪ್ಪಾಗಿತ್ತು, ಒಂದು ಪಕ್ಕ ಸೀಳು ಬಿಟ್ಟಿತ್ತು. ಮೇಲಿನ ಕೂದಲಿನ ಕುಚ್ಚನ್ನಂತೂ ನುಸಿ ತಿಂದು ಹಾಕಿತ್ತು. ಅಲ್ಲೊಂದು ಇಲ್ಲೊಂದು ಕೂದಲು ಉಳಿದುಕೊಂಡು, ನೋಡಿದರೆ ನಗು ಬರುವಂತಿತ್ತು.

"ಕಸಕ್ಕೆ ಹಾಕು ಅದನ್ನ," ಎಂದಳು ಮರಿಕ್ಕೂ ಪೆಟ್ಟಿಗೆಯೊಳಗಿಂದಲೇ.

"ಯಾಕೂಮಿಸನದಲ್ವಾ ಇದು?"

"ಮತ್ತೆ ನಿಂದಾ? ನೀನು ಸೋಪು ಕಂಡು ಯಾವ ಕಾಲ ಆಯ್ತು, ಗಡ್ಡದಪ್ಪ."

ಲೊಯಿಜೊಸ್ ಬ್ರಷ್ಷನ್ನು ಕಸಕ್ಕೆ ಹಾಕಲಿಲ್ಲ, ಜೇಬಿಗೆ ಹಾಕಿಕೊಂಡ. ಅವನ ಸ್ವಭಾವವೇ ಹಾಗೆ. ಊರಿನವರು ಮುರಿದು ಬಿಸಾಡಿದ ಪಿಟೀಲು, ಲಾವುತೊ, ಇಂಥ ತಂತಿವಾದ್ಯಗಳೆಲ್ಲ ಅವನ ಅಂಗಡಿಯ ಗೋಡೆಗೆ ಬಂದು ನೇತುಬೀಳುತ್ತಿದ್ದವು. ಸೈಪ್ರಸ್ಸಿನ ಆ ಬೆಟ್ಟದ ಸೀಮೆಯಲ್ಲಿ ಪಿಟೀಲು ರಿಪೇರಿಗೆ ಅವನೊಬ್ಬನೇ, ಮದುವೆಗಳಲ್ಲಿ ನುಡಿಸುವುದಕ್ಕೂ ಅವನೇ. ಎಲ್ಲರೂ ಅವನನ್ನು 'ಮಾಸ್ತ್ರೆ' ಅನ್ನುತ್ತಿದ್ದರು. ಕೈಕೆಲಸ ಬಲ್ಲವರನ್ನು ಅಲ್ಲಿ ಕರೆಯುವುದೇ ಹಾಗೆ. ಹೆಂಡತಿಯ ಮಗ ಪಿಯೆರಿಸ್ ಕೂಡ ಹಾಗೇ ಕರೆಯುತ್ತಿದ್ದ.

ಪಿಯೆರಿಸ್ ಮರಿಕ್ಕೂವಿನ ಮೊದಲ ಗಂಡ ಯಾಕೂಮಿಸನ ಮಗ. ಯಾಕೂಮಿಸ್ ಎದೆನೋವಿನಿಂದ ದ್ರಾಕ್ಷಿ ತೋಟದಲ್ಲೇ ಕುಸಿದು ಹೋದಾಗ ಹುಡುಗನಿಗೆ ಹಾಲುಹಲ್ಲು ಬೀಳುವ ವಯಸ್ಸು. ಲೊಯಿಜೊಸ್ ಆ ಮನೆಗೆ ಬಂದದ್ದು ಆಮೇಲೆ. ಬಂದ ದಿನ ಮುಖ ತೊಳೆಯಲು ಹಿತ್ತಲಿಗೆ ಹೋದರೆ, ಗೋಡೆಗೆ ಒಂದು ಕನ್ನಡಿ, ಕನ್ನಡಿಯ ಕೆಳಗೆ ಒಂದು ಹಲಗೆ, ಹಲಗೆಯ ಮೇಲೆ ಇದೇ ಬ್ರಷ್ಷು. ತನ್ನ ಸೋಪನ್ನು ಅದರ ಪಕ್ಕದಲ್ಲಿಡಲು ಅವನಿಗೆ ಕೈ ಬರಲಿಲ್ಲ. ಸೋಪನ್ನು ಜೇಬಿಗೇ ಸೇರಿಸಿ ವಾಪಸ್ಸು ಬಂದ. ಅಂದಿನಿಂದ ಗಡ್ಡ ಬಿಟ್ಟ. ಊರಿನಲ್ಲಿ ಕಾರಣ ಕೇಳಿದರೆ, "ಪಿಟೀಲು ಗದ್ದಕ್ಕೆ ಒತ್ತುತ್ತೆ, ಮೆತ್ತಗಿರಲಿ ಅಂತ," ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಆಮೇಲೆ ಎಂದೋ ಮರಿಕ್ಕೂ ಆ ಬ್ರಷ್ಷನ್ನು ಎತ್ತಿ ಪೆಟ್ಟಿಗೆಗೆ ಹಾಕಿದ್ದಳು. ಗಡ್ಡ ಮಾತ್ರ ಅಲ್ಲೇ ಉಳಿಯಿತು, ಈಗ ಅರ್ಧಕ್ಕರ್ಧ ಬೆಳ್ಳಗಾಗಿತ್ತು.

ಆ ಬ್ರಷ್ಷಿನ ಜಾತಕವೆಲ್ಲ ಲೊಯಿಜೊಸನಿಗೆ ಗೊತ್ತಿತ್ತು. ಆ ಬೆಟ್ಟದ ಕಡೆ ಮದುಮಗನ ಕ್ಷೌರವೆಂದರೆ ಒಬ್ಬರೇ ಬಾಗಿಲು ಹಾಕಿಕೊಂಡು ಮಾಡಿಕೊಳ್ಳುವ ಕೆಲಸವಲ್ಲ. ಮದುವೆಯ ಬೆಳಿಗ್ಗೆ ಮನೆಯ ನಡುವೆ ಕುರ್ಚಿ ಹಾಕಿ ಅವನನ್ನು ಕೂರಿಸುತ್ತಾರೆ. ಕ್ಷೌರಿಕ ಗಡ್ಡ ಹೆರೆಯುತ್ತಾನೆ, ಪಿಟೀಲುಗಾರ ನುಡಿಸುತ್ತ ಹಾಡು ಕಟ್ಟುತ್ತಾನೆ, ನೆಂಟರೆಲ್ಲ ಸುತ್ತ ನಿಂತು ನೋಡುತ್ತಾರೆ. ಯಾಕೂಮಿಸನ ಮದುವೆಗೆ ಮರಿಕ್ಕೂ ತಾನೇ ಆಲಿವ್ ಬೇರು ಆರಿಸಿ ಕೊಟ್ಟು, ಮರ ಕಡೆಯುವವನಿಂದ ಈ ಹಿಡಿ ಮಾಡಿಸಿ ವರನಿಗೆ ಉಡುಗೊರೆ ಕಳಿಸಿದ್ದಳು. ಅಂದು ಪಿಟೀಲು ನುಡಿಸಿದವನು ಮೀಸೆ ಚಿಗುರುತ್ತಿದ್ದ ಇದೇ ಲೊಯಿಜೊಸ್. ಯಾಕೂಮಿಸ್ ಮೂಗಿನ ತುದಿಯವರೆಗೆ ನೊರೆ ಮೆತ್ತಿಸಿಕೊಂಡು ತನ್ನತ್ತ ಕಣ್ಣು ಹೊಡೆದದ್ದು ಅವನಿಗಿನ್ನೂ ನೆನಪಿತ್ತು.

ಹಾಗಾಗಿ ಪಿಯೆರಿಸನ ಮುಖಕ್ಕೂ ಇದೇ ಬ್ರಷ್ಷಿನಿಂದ ನೊರೆ ಬೀಳಬೇಕು ಎಂದು ಲೊಯಿಜೊಸ್ ಅಲ್ಲೇ, ದುಪ್ಪಟಿಗಳ ಭಾರದ ಕೆಳಗೇ, ತೀರ್ಮಾನ ಮಾಡಿಬಿಟ್ಟ. ಮಗನ ಮದುವೆಗೆ ಅಪ್ಪ ಅಷ್ಟಾದರೂ ಬರಲಿ.

ಇದರ ಹಿಂದೆ ಇನ್ನೊಂದು ವಿಷಯವಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಕ್ಷೌರ ಮುಗಿದ ಮೇಲೆ ಮದುಮಗನ ಸೊಂಟಕ್ಕೆ ಕೆಂಪು ಪಟ್ಟಿ ಸುತ್ತುವ ಶಾಸ್ತ್ರ. ಮೊದಲು ಅಪ್ಪ ಮೂರು ಸುತ್ತು ಸುತ್ತಿ, ಮುತ್ತಿಕ್ಕಿ, ಪಟ್ಟಿ ಬಿಚ್ಚಿ ತಾಯಿಯ ಕೈಗೆ ಕೊಡುತ್ತಾನೆ. ಆಮೇಲೆ ಉಳಿದ ಹಿರಿಯರು. ಯಾರು ಬರಬೇಕೆಂದು ಹಾಡಿನಲ್ಲೇ ಹೆಸರು ಹಿಡಿದು ಕರೆಯುವವನು ಪಿಟೀಲುಗಾರ. 'ಅಪ್ಪನನ್ನು ಕರೆಯಿರಿ' ಎಂಬ ಸಾಲನ್ನು ಲೊಯಿಜೊಸ್ ಎಷ್ಟು ಮನೆಗಳಲ್ಲಿ ಹಾಡಿದ್ದನೋ. ಆ ಅಪ್ಪಂದಿರ ಮೇಲೆ ಅವನಿಗೆ ಒಂದೇ ದೂರು. ಕರೆದ ತಕ್ಷಣ ಬರುವುದಿಲ್ಲ. ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಬರಲು ಗಂಟೆಗಟ್ಟಲೆ ಮಾಡುತ್ತಾರೆ, ಅಷ್ಟರಲ್ಲಿ ತಾನು ಅದೇ ಸಾಲನ್ನು ತಿರುಗಾ ಮುರುಗಾ ಹಾಡಿ ಕೈ ನೋಯಿಸಿಕೊಳ್ಳಬೇಕು. "ಅಪ್ಪಂದಿರಿಗೆ ಮಗನ ಮದುವೆ ದಿನವೇ ಕಾಲಿಗೆ ಏನಾಗುತ್ತೆ?" ಎಂದು ಗೊಣಗುತ್ತಿದ್ದ.

ಅಪ್ಪ ಇಲ್ಲದ ಮನೆಯಲ್ಲಿ ಆ ಸಾಲು ಬಿಟ್ಟು ಚಿಕ್ಕಪ್ಪನನ್ನು ಕರೆಯುವುದು ರೂಢಿ. ಪಿಯೆರಿಸನ ಮದುವೆಯಲ್ಲಿ ಯಾರನ್ನು ಕರೆಯುವುದು? ಹುಡುಗ ಏನೂ ಹೇಳಿರಲಿಲ್ಲ. ಕೇಳಲು ಲೊಯಿಜೊಸನಿಗೆ ಬಾಯಿ ಬರಲಿಲ್ಲ. ಪಿಟೀಲು ಹಿಡಿದವನಿಗೆ ಎರಡು ಕೈಯೂ ಖಾಲಿ ಇರುವುದಿಲ್ಲ, ಅದೇ ಒಳ್ಳೆಯದಾಯಿತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಮರುದಿನ ಅಂಗಡಿಯಲ್ಲಿ ಕೆಲಸ ಶುರುವಾಯಿತು. ಉಳಿದ ಕೂದಲನ್ನು ಕತ್ತರಿಸಿ, ಬುಡದಲ್ಲಿ ಕಲ್ಲಾಗಿ ಕೂತಿದ್ದ ಹಳೇ ಅರಗನ್ನು ಸಣ್ಣ ಬೈರಿಗೆಯಿಂದ ಸ್ವಲ್ಪ ಸ್ವಲ್ಪವೇ ಕೊರೆದು ತೆಗೆದ. ಮರಕ್ಕೆ ತಾಗದಂತೆ ಉಸಿರು ಬಿಗಿಹಿಡಿದು ಕೊರೆಯಬೇಕು. ಕೂದಲಿನ ಬುಡದಲ್ಲಿ ಬೂದು ಬಣ್ಣದ ಒಂದು ಹೆಕ್ಕಳ ಸಿಕ್ಕಿತು. ಏನಿದು ಎಂದು ನಾಲಿಗೆಯಲ್ಲಿ ಬೆರಳು ಒದ್ದೆ ಮಾಡಿ ಉಜ್ಜಿದರೆ ಸಣ್ಣಗೆ ನೊರೆ ಎದ್ದಿತು. ಆಲಿವ್ ಎಣ್ಣೆಯ ಸೋಪು. ವಾಸನೆ ಇನ್ನೂ ಹಾಗೇ ಇತ್ತು.

ಅಷ್ಟರಲ್ಲಿ ಮರಿಕ್ಕೂ ಕಾಫಿ ತಂದಳು. ಬಾಗಿಲಲ್ಲೇ ಅವಳ ಮೂಗು ಅರಳಿತು. ತಟ್ಟೆ ಕೆಳಗಿಟ್ಟು ಮಣೆಯ ಮೇಲೆ ಕೂತಳು.

"ಅವನು ಸೋಪು ಸುರೀತಿದ್ದ," ಎಂದಳು. "ಅರ್ಧ ಮುಖಕ್ಕೆ, ಅರ್ಧ ಕಿವಿಗೆ. ಚರ್ಚಿನಲ್ಲಿ ಪಕ್ಕ ನಿಂತಾಗಲೂ ಕಿವಿಯೊಳಗೆ ಬೆಳ್ಳಗೆ ಕಾಣೋದು."

"ತೆಗೆದಿಡ್ಲಾ ಇದನ್ನ? ತೊಳೆಯೋದು ಬೇಡ್ವಾ?"

"ಸೋಪು ಇರೋದೇ ತೊಳೆಯೋಕೆ ಕಣೋ, ಲೊಯಿಜೋ," ಎಂದು ನಕ್ಕಳು. ನಗುತ್ತಲೇ ತಲೆಗೆ ಕಟ್ಟಿದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು. "ತೊಳಿ. ಹುಡುಗನಿಗೆ ಚೆನ್ನಾಗಿರೋದನ್ನ ಕೊಡೋಣ."

ಲೊಯಿಜೊಸನಿಗೆ ಸತ್ತವನ ಮೇಲೆ ಹೊಟ್ಟೆಕಿಚ್ಚು ಎಂದೂ ಇರಲಿಲ್ಲ. ಅವನ ಮಂಚ, ಅವನ ಬಾವಿ, ಅವನ ನಿಂಬೆ ಗಿಡ, ಅವನ ಹೆಂಡತಿ, ಅವನ ಮಗ, ಎಲ್ಲದರ ನಡುವೆ ಇಷ್ಟು ವರ್ಷ ಬಾಳಿದ ಮೇಲೆ ಯಾಕೂಮಿಸ್ ಅವನಿಗೆ ದೂರದೂರಿಗೆ ಹೋದ ಗೆಳೆಯನಂತೆ ಆಗಿಬಿಟ್ಟಿದ್ದ. ಗಿಡದಲ್ಲಿ ಕಾಯಿ ಜಾಸ್ತಿ ಬಿಟ್ಟ ವರ್ಷ, 'ನೋಡಪ್ಪ ನಿನ್ನ ಗಿಡ' ಎಂದು ಮನಸ್ಸಿನಲ್ಲೇ ವರದಿ ಒಪ್ಪಿಸುತ್ತಿದ್ದ.

ಹಿಡಿಯ ಕೆಲಸ ನಿಧಾನವಾಗಿ ಸಾಗಿತು. ಸೀಳಿನೊಳಗೆ ಆಲಿವ್ ಮರದ್ದೇ ಪುಡಿಯನ್ನು ಅಂಟಿನೊಂದಿಗೆ ಕಲಸಿ ತುಂಬಿದ. ದಪ್ಪ ಉಪ್ಪುಕಾಗದ, ಆಮೇಲೆ ನಯವಾದದ್ದು, ಆಮೇಲೆ ಬರೀ ಅಂಗೈ. ಕಪ್ಪು ಹೋಗಿ ಒಳಗಿನ ಹಳದಿ ಬಂತು, ಹಳದಿಯೊಳಗೆ ಮೋಡದಂಥ ಕಂದು ಗೆರೆಗಳು ಎದ್ದವು. ಯಾಕೂಮಿಸನ ಹೆಬ್ಬೆರಳು ಕೂತು ಕೂತು ಒಂದು ಕಡೆ ಸಣ್ಣ ತಗ್ಗಾಗಿತ್ತು. ಅದನ್ನು ಮಾತ್ರ ಲೊಯಿಜೊಸ್ ಉಜ್ಜಿ ಸಮ ಮಾಡಲಿಲ್ಲ.

ಕೂದಲಿಗೆ ಅವನು ಬೇರೆಲ್ಲೂ ಹೋಗಬೇಕಾಗಿರಲಿಲ್ಲ. ಪಿಟೀಲಿನ ಕಮಾನಿಗೆ ಕುದುರೆಬಾಲದ ಕೂದಲು ಕಟ್ಟುವಾಗ ತುದಿಯ ತೆಳು ಕೂದಲನ್ನು ಕತ್ತರಿಸಿ ತೆಗೆಯುತ್ತಾರೆ. ಯಾವುದನ್ನೂ ಬಿಸಾಡದ ಈ ಮನುಷ್ಯ ಅದನ್ನೂ ಒಂದು ಡಬ್ಬದಲ್ಲಿ ಕೂಡಿಟ್ಟಿದ್ದ. ಬೂದಿ ನೀರಿನಲ್ಲಿ ನೆನೆಸಿ, ತೊಳೆದು, ನಾತ ಹೋಗುವವರೆಗೆ ಬಿಸಿಲಿಗೆ ಹಾಕಿದ. ಆಮೇಲೆ ಮರಿಕ್ಕೂವಿನ ಒಂದು ಕಾಫಿ ಕಪ್ಪು ತಂದು, ಕೂದಲಿನ ತುದಿಗಳೆಲ್ಲ ಕೆಳಗೆ ಬರುವಂತೆ ಅದರೊಳಗೆ ತುಂಬಿ, ಮೇಜಿನ ಮೇಲೆ ಟಕಟಕ ತಟ್ಟಿದ. ಕಪ್ಪಿನ ತಳ ಗುಂಡಗಿದ್ದುದರಿಂದ ಕುಚ್ಚಿನ ತುದಿಯೂ ಗುಂಡಗೆ ಕೂತಿತು. ಬುಡಕ್ಕೆ ಮೇಣದ ದಾರ ಬಿಗಿದ.

"ನನ್ನ ಕಪ್ಪಿನಲ್ಲಿ ಕುದುರೆ ಬಾಲ!" ಎಂದು ಮರಿಕ್ಕೂ ಕಿರುಚಿದಳು. "ನಾಳೆ ಬೀಗರು ಬಂದು ಇದ್ರಲ್ಲೇ ಕಾಫಿ ಕುಡೀಬೇಕು!"

"ಹೇಳಬೇಡ, ಅಷ್ಟೇ."

ಕುಚ್ಚನ್ನು ಹಿಡಿಗೆ ಕೂರಿಸುವ ಹೊತ್ತಿಗೆ ತೋಫಿಸ್ ಬಂದ. ತೋಫಿಸ್ ಅಂದರೆ ಲೊಯಿಜೊಸನ ಜೊತೆ ಲಾವುತೊ ನುಡಿಸುವವನು. ದೊಡ್ಡ ಹೊಟ್ಟೆಯ ವಾದ್ಯ, ಅದಕ್ಕೆ ತಕ್ಕ ಹೊಟ್ಟೆಯ ಮನುಷ್ಯ. ಒಲೆಯ ಮೇಲೆ ಸಣ್ಣ ಬೋಗುಣಿಯಲ್ಲಿ ಮರವಜ್ರ ಕರಗುತ್ತಿತ್ತು. ಚರ್ಮ, ಎಲುಬು ಬೇಯಿಸಿ ತೆಗೆದ ಆ ಅಂಟಿನ ವಾಸನೆಗೆ ತೋಫಿಸ್ ಮೂಗು ಮುಚ್ಚಿಕೊಂಡ.

"ಈಗ ಲಿಮಸೋಲ್ ಪೇಟೆಯಲ್ಲಿ ಎರಡು ಟ್ಯೂಬಿನ ಅಂಟು ಸಿಗುತ್ತೆ ಕಣೋ. ಅದನ್ನೂ ಇದನ್ನೂ ಬೆರೆಸಿ ಹಚ್ಚಿದ್ರೆ ಆನೆ ಎಳೆದ್ರೂ ಬರಲ್ಲ."

"ಬರದೇ ಇರೋದೇ ಅದರ ದೋಷ," ಎಂದ ಲೊಯಿಜೊಸ್. ಈ ವಿಷಯ ಬಂದರೆ ಅವನು ಪಾದ್ರಿಯಾಗಿಬಿಡುತ್ತಿದ್ದ. "ಅಂಟಿಸಿದ್ದು ಬಿಡಿಸೋಕೂ ಬರಬೇಕು. ಇವತ್ತು ನಾನು ಕೂರಿಸ್ತೀನಿ, ಇನ್ನೊಂದು ಕಾಲಕ್ಕೆ ಇದೂ ಸವೆಯುತ್ತೆ. ಆಗ ಇನ್ಯಾರೋ ಹಿಡಿ ಒಡೆಯದೆ ತೆಗೀಬೇಕು. ಮರವಜ್ರ ಆದ್ರೆ ಮರ್ಯಾದೆಯಿಂದ ಬಿಟ್ಟುಕೊಡುತ್ತೆ."

"ನೀರಿಗೆ ಬಿದ್ರೆ?"

"ಮೇಲೆ ಎರಡು ಕೈ ವಾರ್ನಿಷ್ ಬಳೀತೀನಲ್ಲ. ಬಾಯಿ ಮುಚ್ಚಿ ಕೂತ್ಕೋ."

ಒಣಗಿದ ಮೇಲೆ ಪರೀಕ್ಷೆಯನ್ನೂ ಮಾಡಿದ. ಬಾವಿಯ ನೀರು ತುಂಬಿದ ಲೋಟದಲ್ಲಿ ಬ್ರಷ್ಷು ನಿಲ್ಲಿಸಿ, ಒಂದು ಕಾಫಿ ಕುಡಿದು ಮುಗಿಸಿ, ಕುಚ್ಚು ಹಿಡಿದು ಎಳೆದ. ಜಪ್ಪಯ್ಯ ಅನ್ನಲಿಲ್ಲ. ಪಿಟೀಲಿನ ಹೊಟ್ಟೆ ತೆರೆಯಬೇಕಾದಾಗಲೆಲ್ಲ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಮರವಜ್ರ ಬಿಡಿಸುತ್ತಿದ್ದ ಈ ಮಹಾನುಭಾವನಿಗೆ, ಕ್ಷೌರಿಕ ಯಾವ ನೀರು ಬಳಸುತ್ತಾನೆ ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಹೇಗೆ ಹುಟ್ಟಬೇಕು? ಗಡ್ಡ ಬಿಡುವ ಮೊದಲು ಒಂಟಿಯಾಗಿ ಅಂಗಡಿಯಲ್ಲೇ ಮಲಗುತ್ತಿದ್ದ ಕಾಲದಲ್ಲಿ ಅವನು ತಣ್ಣೀರು ಎರಚಿಕೊಂಡು, ಕೈಯಲ್ಲೇ ಸೋಪು ತಿಕ್ಕಿಕೊಂಡು ಹೆರೆದುಕೊಳ್ಳುತ್ತಿದ್ದ. ಆಮೇಲೆ ಅದೂ ಇಲ್ಲ.

ಮದುವೆಯ ಹಿಂದಿನ ವಾರ ಸೊಲೊಮಿಸ್ ಬಂದ. ಯಾಕೂಮಿಸನ ತಮ್ಮ, ಆಡು ಸಾಕುವವನು, ಮುಖ ಯಾವಾಗಲೂ ಗಂಟು. ಮದುವೆಯ ಊಟಕ್ಕೆಂದು ಹಲ್ಲೂಮಿ ಚೀಸ್ ತುಂಬಿದ ಮಡಕೆ ಹೊತ್ತು ತಂದಿದ್ದ. ಲಿಮಸೋಲಿನ ಬಂದರಿನಲ್ಲಿ ಕೆಲಸ ಮಾಡುವ ಪಿಯೆರಿಸ್ ಕೂಡ ಅಂದು ರಜೆ ಹಾಕಿ ಬಂದಿದ್ದ. ಎಲ್ಲರೂ ಆಲಿವ್ ಕಾಯಿ, ಬ್ರೆಡ್ಡು ಇಟ್ಟುಕೊಂಡು ಕೂತಿದ್ದರು. ಸೊಲೊಮಿಸ್ ಒಂದು ಲೋಟ ಜಿವಾನಿಯಾ ಸಾರಾಯಿಯನ್ನು ಗಂಟಲಿಗೆ ಸುರಿದು, ಮೀಸೆ ಒರೆಸಿಕೊಂಡ.

"ಕೆಂಪು ಪಟ್ಟಿ ಮೊದಲು ಸುತ್ತೋದು ನಾನು ತಾನೇ? ನಮ್ಮಣ್ಣನ ಜಾಗದಲ್ಲಿ."

ಲೊಯಿಜೊಸ್ ಆಲಿವ್ ಬೀಜವನ್ನು ಬಾಯಿಯಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟ. "ನೀನಲ್ಲದೆ ಇನ್ಯಾರಪ್ಪ? ರಕ್ತ ನಿಂದು. ನಾನು ಹೇಗೂ ಪಿಟೀಲು ಹಿಡ್ಕೊಂಡಿರ್ತೀನಿ. ನಿನ್ನ ಹೆಸರೇ ಹಾಡ್ತೀನಿ."

ಮರಿಕ್ಕೂ ಗಂಡನ ಮುಖ ನೋಡಿದಳು. ಪಿಯೆರಿಸ್ ತಲೆ ತಗ್ಗಿಸಿ ಬ್ರೆಡ್ಡಿನ ಚೂರಿನಿಂದ ತಟ್ಟೆಯಲ್ಲಿದ್ದ ಎಣ್ಣೆ ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ಸರಿ, ಅಲ್ಲಿಗೆ ತೀರ್ಮಾನವಾಯಿತು ಎಂದುಕೊಂಡ ಲೊಯಿಜೊಸ್. ಆ ರಾತ್ರಿ ಊಟ ರುಚಿಸಲಿಲ್ಲ. ಚೀಸಿಗೆ ಉಪ್ಪು ಜಾಸ್ತಿ ಎಂದು ಹೆಂಡತಿಗೆ ಸುಳ್ಳು ಹೇಳಿದ.

ಮದುವೆಯ ಭಾನುವಾರ ಬೆಳಿಗ್ಗೆ ಮನೆ ತುಂಬಿ ತುಳುಕುತ್ತಿತ್ತು. ಆಲಿವ್ ಎಲೆ ಹಾಕಿ ಸುಟ್ಟ ಧೂಪದ ಹೊಗೆಗೆ ಹೆಂಗಸರ ಕಣ್ಣುಗಳಲ್ಲಿ ಆಗಲೇ ನೀರು. ನಡುವೆ ಕುರ್ಚಿ, ಕುರ್ಚಿಯಲ್ಲಿ ಪಿಯೆರಿಸ್, ಕುತ್ತಿಗೆಗೆ ಬಿಳಿ ಟವೆಲ್. ಊರಿನ ಕ್ಷೌರಿಕ ಪ್ರೊಕೋಪಿಸ್ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆಯುತ್ತಿದ್ದ. ಲೊಯಿಜೊಸ್ ಅವನ ಹತ್ತಿರ ಹೋಗಿ ಕರವಸ್ತ್ರದಲ್ಲಿ ಸುತ್ತಿದ ಬ್ರಷ್ಷನ್ನು ಕೊಟ್ಟು, "ಇದ್ರಲ್ಲಿ ಹಚ್ಚು," ಎಂದಷ್ಟೇ ಹೇಳಿ ತನ್ನ ಮೂಲೆಗೆ ಬಂದು ನಿಂತುಕೊಂಡ.

ಪ್ರೊಕೋಪಿಸ್ ಗಂಟು ಬಿಚ್ಚಿದ. ಪಿಯೆರಿಸ್ ಕೈ ಚಾಚಿ ಅದನ್ನು ತೆಗೆದುಕೊಂಡ. ಹಲಗೆಯ ಮೇಲೆ ಎತ್ತರದಲ್ಲಿರುತ್ತಿದ್ದ, ಮುಟ್ಟಿದರೆ ಬೈಸಿಕೊಳ್ಳುತ್ತಿದ್ದ ಆ ವಸ್ತುವಿನ ನೆನಪು ಅವನಿಗಿತ್ತು. ಹೆಬ್ಬೆರಳು ತಾನಾಗಿಯೇ ಆ ತಗ್ಗಿನಲ್ಲಿ ಹೋಗಿ ಕೂತಿತು. ತಾಯಿಯ ಕಡೆ ನೋಡಿದ. ಅವಳು ತಲೆಯಾಡಿಸಿ, ಗದ್ದದಿಂದ ಗಂಡನ ಕಡೆ ತೋರಿಸಿದಳು. ಪಿಯೆರಿಸ್ ಆ ಕಡೆ ತಿರುಗುವಷ್ಟರಲ್ಲಿ ಲೊಯಿಜೊಸ್ ಪಿಟೀಲಿನ ಬಿರಡೆ ತಿರುಗಿಸುವುದರಲ್ಲಿ ಮುಳುಗಿಹೋಗಿದ್ದ. ಶ್ರುತಿ ಆಗಲೇ ಸರಿಯಾಗಿತ್ತು.

ಆಮೇಲೆ ನುಡಿಸಲು ಶುರು ಮಾಡಿದ. ಅಂದು ನುಡಿಸಿದ ಹಾಗೆ ಅವನು ಎಂದೂ ನುಡಿಸಿರಲಿಲ್ಲ ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ. ಕಣ್ಣು ಮುಚ್ಚಿಕೊಂಡು ಒಂದು ಸಾಲಿಗೆ ಇನ್ನೊಂದು ಸಾಲು ಕಟ್ಟಿದ. ಹುಡುಗ ಮಣ್ಣು ತಿಂದದ್ದು, ಕತ್ತೆಯಿಂದ ಬಿದ್ದದ್ದು, ಪಿಟೀಲು ಕಲಿಯುತ್ತೇನೆಂದು ಹೇಳಿ ಬೆಕ್ಕನ್ನು ಮನೆ ಬಿಡಿಸಿದ್ದು, ಎಲ್ಲ ಹಾಡಾಗಿ ಬಂತು. ಜನ ನಕ್ಕರು, ಇನ್ನೊಂದು, ಇನ್ನೊಂದು ಎಂದರು. ಪ್ರೊಕೋಪಿಸ್ ಪಾಪ, ಹಾಡು ಮುಗಿಯಲಿ ಎಂದು ಕತ್ತಿ ಹಿಡಿದು ಕಾಯುತ್ತ ನಿಂತ.

ಹಾಡಿನ ಮಧ್ಯೆ ಒಮ್ಮೆ ಲೊಯಿಜೊಸ್ ಕಣ್ಣು ತೆರೆದ. ಕಿಟಕಿಯ ಕಟ್ಟೆಯ ಮೇಲೆ ಕ್ಷೌರಿಕನ ತಗಡಿನ ಚೊಂಬಿತ್ತು. ಚೊಂಬಿನಲ್ಲಿ ಯಾಕೂಮಿಸನ ಬ್ರಷ್ಷು ತಲೆಕೆಳಗಾಗಿ ನಿಂತಿತ್ತು. ಪಕ್ಕದಲ್ಲಿ ಕೆಟಲ್ಲು. ಚೊಂಬಿನಿಂದ ಹಬೆ ಏಳುತ್ತಿತ್ತು.

ಬಿಸಿನೀರು! ಜೀವಮಾನವಿಡೀ ತಾನು ಚಾಕುವಿಗೆ ಮುಟ್ಟಿಸುತ್ತ ಬಂದ ಅದೇ ಬಿಸಿನೀರು. ತಾನು ಎಳೆದಷ್ಟೂ ಹಾಡು ಬೆಳೆದಿತ್ತು, ಹಾಡು ಬೆಳೆದಷ್ಟೂ ಬ್ರಷ್ಷು ನೆಂದಿತ್ತು. ಮದುಮಗನ ಕ್ಷೌರದಲ್ಲಿ ಪಿಟೀಲು ನಡುವೆ ನಿಲ್ಲಿಸುವ ಹಾಗಿಲ್ಲ. ಬೇಗ ಮುಗಿಸು ಎಂದು ತೋಫಿಸನಿಗೆ ಹುಬ್ಬಿನಲ್ಲೇ ಸನ್ನೆ ಮಾಡಿದ. ತೋಫಿಸ್ ಅದನ್ನು ಇನ್ನಷ್ಟು ಜೋರಾಗಲಿ ಎಂದು ತಿಳಿದು ಮತ್ತೊಂದು ಸುತ್ತು ಎತ್ತಿಕೊಂಡ. ಹೊಟ್ಟೆಯ ಮೇಲೆ ಹೊಟ್ಟೆ ಕುಣಿಯಿತು.

ಅಂತೂ ಹಾಡು ಇಳಿಯಿತು. ಪ್ರೊಕೋಪಿಸ್ ಬ್ರಷ್ಷು ಎತ್ತಿ, ನೀರು ಕೊಡವಿ, ಸೋಪಿನ ಮೇಲೆ ತಿರುಗಿಸಿದ. ಸೊಗಸಾದ ನೊರೆ ಎದ್ದಿತು. ಎಡಗೆನ್ನೆ ಆಯಿತು, ಗದ್ದವೂ ಆಯಿತು. ಕಮಾನು ಎಳೆಯುತ್ತಲೇ ಲೊಯಿಜೊಸ್ ಯಾಕೂಮಿಸನಿಗೆ ಮೊರೆಯಿಟ್ಟ. ಇನ್ನು ಒಂದೇ ಕೆನ್ನೆ, ಸ್ವಲ್ಪ ಹಿಡ್ಕೊಳ್ಳಪ್ಪ.

ಬಲಗೆನ್ನೆಗೆ ಒತ್ತಿ ತಿರುಗಿಸಿದ್ದೇ ತಡ, ಪ್ರೊಕೋಪಿಸನ ಕೈಯಲ್ಲಿ ಹಿಡಿ ಮಾತ್ರ ಉಳಿಯಿತು. ಕುಚ್ಚು ಪಿಯೆರಿಸನ ಕೆನ್ನೆಗೆ ಮೊಲದ ಬಾಲದ ಹಾಗೆ ಅಂಟಿಕೊಂಡು ನಿಂತು, ಆಮೇಲೆ ನಿಧಾನವಾಗಿ ಜಾರಿ ತೊಡೆಯ ಮೇಲೆ ಬಿತ್ತು.

ಪಿಟೀಲು ನಿಂತಿತು. ಮುದುಕಿಯರು ಶಿಲುಬೆಯ ಗುರುತು ಹಾಕಿಕೊಂಡರು. ಮದುವೆಯ ದಿನ, ಸತ್ತ ಅಪ್ಪನ ವಸ್ತು, ಅದೂ ಮಗನ ಮುಖದ ಮೇಲೇ ಮುರಿಯುವುದೇ? ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಅದೇ ಇತ್ತು.

ಸೊಲೊಮಿಸ್ ಒಬ್ಬ ಮಾತ್ರ ಬಾಯಿಬಿಟ್ಟ. "ಯಾವ ಪುಣ್ಯಾತ್ಮ ಅಂಟಿಸಿದ್ದು ಇದನ್ನ?"

"ನಾನು," ಎಂದ ಲೊಯಿಜೊಸ್. "ಮರವಜ್ರ ಹಾಕಿದ್ದೆ. ಬಿಸಿನೀರು ಅಂತ ನಂಗೆ ಹೊಳೀಲಿಲ್ಲ."

"ಗಡ್ಡದವನು ಗಡ್ಡದ ಬ್ರಷ್ಷು ಮಾಡಿದ್ರೆ ಇನ್ನೇನಾಗುತ್ತೆ!" ಎಂದ ಪ್ರೊಕೋಪಿಸ್ ಬೋಳು ಹಿಡಿಯನ್ನು ಎತ್ತಿ ತೋರಿಸುತ್ತ. "ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ, ಮಾಸ್ತ್ರೆ?"

ಮೊದಲು ನಕ್ಕವಳು ಮರಿಕ್ಕೂ. ತಡೆದುಕೊಳ್ಳಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು, ಅದನ್ನೂ ಮೀರಿ ನಗು ಹೊರಗೆ ಬಂತು. "ಅವನ ಕಿವಿಗೇ ಬಿತ್ತು ನೋಡ್ರೋ ಸೋಪು!" ಎಂದಳು. ನಿಜವಾಗಿಯೂ ಪಿಯೆರಿಸನ ಬಲಗಿವಿಯೊಳಗೆ ನೊರೆ ತುಂಬಿಕೊಂಡಿತ್ತು, ಥೇಟ್ ಅವನ ಅಪ್ಪನ ಹಾಗೆ. ಹಳಬರೆಲ್ಲ ಅದನ್ನು ಕಂಡು ಹೋ ಎಂದು ನಕ್ಕರು. ಮುದುಕಿಯರೂ ಶಿಲುಬೆ ಅರ್ಧಕ್ಕೆ ಬಿಟ್ಟು ನಕ್ಕರು.

ಲೊಯಿಜೊಸನಿಗೆ ಮಾತ್ರ ನಗು ಬರಲಿಲ್ಲ. ನೆಲ ಬಾಯಿ ಬಿಟ್ಟಿದ್ದರೆ ಪಿಟೀಲಿನ ಸಮೇತ ಇಳಿದುಬಿಡುತ್ತಿದ್ದ.

"ಬೇರೆ ಬ್ರಷ್ಷು ನನ್ನ ಚೀಲದಲ್ಲಿದೆ," ಎಂದು ಪ್ರೊಕೋಪಿಸ್ ಬಗ್ಗಿದ.

"ಬೇಡ," ಎಂದ ಪಿಯೆರಿಸ್. "ಮಾಸ್ತ್ರೆ, ಪಿಟೀಲು ಕೆಳಗಿಟ್ಟು ಬಾ ಇಲ್ಲಿ."

"ಕ್ಷೌರ ಮುಗಿಯೋವರೆಗೆ ಪಿಟೀಲು ಇಡೋ ಹಾಗಿಲ್ಲ ಕಣೋ."

"ತೋಫಿಸ್ ಮಾವ ನುಡಿಸ್ತಾರೆ. ನೀನು ಬಾ. ಚಿಕ್ಕವನಿದ್ದಾಗ ನಂಗೆ ಹೇಳಿದ್ದೆಯಲ್ಲ, ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಕೈಯಲ್ಲೇ ಸೋಪು ಹಚ್ಚಿಕೊಳ್ತಿದ್ದೆ ಅಂತ. ಹಾಗೇ ಹಚ್ಚು. ಅರ್ಧ ಮುಖ ಇಟ್ಕೊಂಡು ನಾನು ಚರ್ಚಿಗೆ ಹೋಗೋಕಾಗಲ್ಲ."

ಲೊಯಿಜೊಸ್ ಪಿಟೀಲನ್ನು ಮಂಚದ ಮೇಲಿಟ್ಟ. ಅದು ಕೈಯಲ್ಲಿಲ್ಲದೆ ಆ ಜನರ ನಡುವೆ ನಡೆಯುವುದು ಅವನಿಗೆ ಅಭ್ಯಾಸವೇ ಇರಲಿಲ್ಲ. ಸೋಪನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೊರೆ ಎಬ್ಬಿಸಿದ. ತಂತಿ ಒತ್ತಿ ಒತ್ತಿ ಗಂಟುಕಟ್ಟಿದ ಬೆರಳುಗಳನ್ನು ಹುಡುಗನ ಬಲಗೆನ್ನೆಗೆ ಇಟ್ಟ. ಈ ಮುಖವನ್ನು ಅವನು ಕೊನೆಯ ಸಲ ಮುಟ್ಟಿದ್ದು ಹುಡುಗನಿಗೆ ಮಂಗನಬಾವು ಬಂದಾಗ, ಬೆಚ್ಚಗಿನ ಎಣ್ಣೆ ಹಚ್ಚಲೆಂದು. ಆಗ ಕೆನ್ನೆ ನುಣ್ಣಗಿತ್ತು. ಈಗ ಮುಳ್ಳುಮುಳ್ಳು. ಪಿಯೆರಿಸ್ ಕಣ್ಣು ಮುಚ್ಚಿಕೊಂಡು ಮುಖವನ್ನು ಆ ಕೈಗೆ ಒರಗಿಸಿ ಕೂತ, ಆಗ ಕೂತಿದ್ದ ಹಾಗೆಯೇ.

ಪ್ರೊಕೋಪಿಸ್ ಕತ್ತಿ ಎತ್ತಿದ. ತೋಫಿಸ್ ಲಾವುತೊ ಒಂದನ್ನೇ ಮೆಲ್ಲಗೆ ಮೀಟುತ್ತಿದ್ದ. ಕ್ಷೌರ ಮುಗಿಯಿತು. ಮರಿಕ್ಕೂ ಮಗನ ಮುಖ ಒರೆಸಿ ನಿಲ್ಲಿಸಿದಳು. ತಟ್ಟೆಯಲ್ಲಿ ಕೆಂಪು ಪಟ್ಟಿ ಬಂತು. ಲೊಯಿಜೊಸನಿಗೆ ಕೆಲಸದ ನೆನಪಾಯಿತು. ಕರೆಯುವ ಹಾಡು ತನ್ನದು, ಸೊಲೊಮಿಸನಿಗೆ ಮಾತು ಬೇರೆ ಕೊಟ್ಟಾಗಿದೆ. ಪಿಟೀಲಿನ ಕಡೆ ಹೋಗಬೇಕೆಂದರೆ ಕೈ ತುಂಬ ನೊರೆ, ಒರೆಸಿಕೊಳ್ಳಲು ಬಟ್ಟೆ ಕಾಣಲಿಲ್ಲ. ಆಚೀಚೆ ನೋಡುತ್ತಿರುವಾಗಲೇ ತೋಫಿಸ್ ಮದುಮಗನ ಕಡೆ ನೋಡಿದ. ಪಿಯೆರಿಸ್ ತಲೆಯಾಡಿಸಿದ. ತೋಫಿಸ್ ಗಂಟಲು ಸರಿಮಾಡಿಕೊಂಡು ತನ್ನ ಒರಟು ದನಿಯಲ್ಲಿ ಹಾಡಿದ: ಅಪ್ಪನನ್ನು ಕರೆಯಿರಿ, ಬಂದು ಮಗನ ನಡು ಸುತ್ತಲಿ.

ತಪ್ಪು ಸಾಲು ಹಾಡಿಬಿಟ್ಟನಲ್ಲ ಈ ಹೊಟ್ಟೆಬಾಕ ಎಂದು ಲೊಯಿಜೊಸ್ ಕಂಗಾಲಾದ. ಆಮೇಲೆ, ಎಷ್ಟೋ ವರ್ಷಗಳ ಅಭ್ಯಾಸದಂತೆ, ಅಪ್ಪ ಎಲ್ಲಿಂದ ಬರುತ್ತಾನೆಂದು ಬಾಗಿಲ ಕಡೆ ತಿರುಗಿ ನೋಡಿದ. ಬಾಗಿಲಲ್ಲಿ ಬರೀ ಬಿಸಿಲಿತ್ತು. ಯಾರೂ ಬರುತ್ತಿರಲಿಲ್ಲ. ಈ ಕಡೆ ತಿರುಗಿದರೆ ಎಲ್ಲರೂ ತನ್ನನ್ನೇ ನೋಡುತ್ತಿದ್ದರು.

"ಯಾರ ದಾರಿ ಕಾಯ್ತಿದ್ದೀಯೋ?" ಎಂದ ಸೊಲೊಮಿಸ್. ಅವನ ಮುಖದ ಗಂಟು ಹಾಗೇ ಇತ್ತು, ದನಿ ಮಾತ್ರ ಒಡೆದಿತ್ತು. "ಮೊನ್ನೆಯೇ ಹುಡುಗ ನನ್ನ ಮನೆಗೆ ಬಂದು, ಪಟ್ಟಿ ಮೊದಲು ಮಾಸ್ತ್ರೆನೇ ಸುತ್ತಲಿ ಅಂತ ಕೇಳ್ಕೊಂಡ. ನಾನೂ ಆಗಲಿ ಅಂದೆ. ನಮ್ಮಣ್ಣ ಇದ್ದಿದ್ರೆ ಅವನೂ ಬೇಡ ಅಂತಿರ್ಲಿಲ್ಲ. ಹೋಗು."

ಲೊಯಿಜೊಸ್ ಕೈಗಳನ್ನು ಅಂಗಿಗೆ ಒರೆಸಿಕೊಳ್ಳಹೋದ.

"ಒರೆಸ್ಕೋಬೇಡ, ಮಾಸ್ತ್ರೆ," ಎಂದ ಪಿಯೆರಿಸ್. "ಹಾಗೇ ಬಾ."

ಕುರ್ಚಿಯ ಆ ಬದಿಯಿಂದ ಈ ಬದಿಗೆ, ಮಧ್ಯೆ ಇದ್ದದ್ದು ಒಂದು ಚೊಂಬು ಮತ್ತು ಒಂದು ಟವೆಲ್. ಲೊಯಿಜೊಸನ ಕಾಲು ಏಳಲಿಲ್ಲ. ಕಣ್ಣಿಗೆ ಏನೂ ಸರಿಯಾಗಿ ಕಾಣಲಿಲ್ಲ. ಅವನು ಹೋಗಿ ಮಗನ ಮುಂದೆ ನಿಂತು ಕೆಂಪು ಪಟ್ಟಿಗೆ ಕೈ ಹಾಕುವಷ್ಟರಲ್ಲಿ ತೋಫಿಸ್ ಆ ಸಾಲನ್ನು ಮತ್ತೆ ಮತ್ತೆ ಹಾಡಬೇಕಾಯಿತು.